ಮನೆ ದುರಸ್ತಿ ಮತ್ತು ವಿಸ್ತರಣೆಯ ಪರವಾನಗಿ: ಇಡಗುಂದಿ ಸೀಮೆಯ ಸ್ಥಿತಿ

ಇರುವ ಮನೆಯನ್ನು ಬದಲಿಸಲು, ಹಿಗ್ಗಿಸಲು ಅಥವಾ ಕೆಡವಿ ಅದೇ ಜಾಗದಲ್ಲಿ ಮತ್ತೆ ಕಟ್ಟಲು ಮನೆಯೊಡೆಯ ಸ್ಥಳೀಯ ಸಂಸ್ಥೆಯಿಂದ ಪಡೆಯಬೇಕಾದ ಲಿಖಿತ ಒಪ್ಪಿಗೆಯೇ ಕಟ್ಟಡ ಪರವಾನಗಿ. ಪಟ್ಟಣಗಳಲ್ಲಿ ಇದು ಬಹುಮಟ್ಟಿಗೆ ನಕ್ಷೆ ಮತ್ತು ಅಳತೆಯ ವಿಷಯ: ಎಷ್ಟು ಅಂತಸ್ತು, ಪಕ್ಕದ ಮನೆಗೆ ಎಷ್ಟು ಅಂತರ, ರಸ್ತೆಗೆ ಎಷ್ಟು ಜಾಗ ಬಿಟ್ಟಿದೆ ಎಂಬ ಲೆಕ್ಕ. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಾಗಲ್ಲ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಹೆದ್ದಾರಿಯ ಮೇಲೆ, ಅರಬೈಲು ಘಟ್ಟದ ಆಸುಪಾಸಿನಲ್ಲಿರುವ ಇಡಗುಂದಿ ಇದಕ್ಕೆ ಒಳ್ಳೆಯ ಉದಾಹರಣೆ. ಇಡಗುಂದಿ ಎಂಬುದು ಒಂದು ಗ್ರಾಮ ಪಂಚಾಯಿತಿಯ ಹೆಸರು. ಯಲ್ಲಾಪುರ ಅರಣ್ಯ ವಿಭಾಗದ ಒಂದು ವಲಯದ ಹೆಸರೂ ಅದೇ. ಒಂದೇ ಊರಿನ ಹೆಸರಿನಲ್ಲಿ ಎರಡು ಆಡಳಿತಗಳಿರುವ ಈ ಕಡೆ ಮನೆಗೆ ಒಂದು ಕೋಣೆ ಸೇರಿಸಬೇಕೆಂದವನು ಮೊದಲು ಎದುರಿಸುವ ಪ್ರಶ್ನೆ ಕೋಣೆಯದ್ದಲ್ಲ, ಮನೆ ನಿಂತಿರುವ ನೆಲದ್ದು. ನೆಲದ ಕಾಗದವನ್ನು ಅಷ್ಟು ಕಟ್ಟುನಿಟ್ಟಾಗಿ ಕೇಳುವ ವ್ಯವಸ್ಥೆ ಆ ನೆಲದ ಇಳಿಜಾರನ್ನೂ ಮಣ್ಣನ್ನೂ ಕೇಳುವುದೇ ಇಲ್ಲ. ಮಲೆನಾಡಿನ ಪರವಾನಗಿ ಪದ್ಧತಿಯ ಮುಖ್ಯ ಕೊರತೆ ಇರುವುದು ಇಲ್ಲಿ ಎಂಬುದು ಈ ಲೇಖನದ ವಾದ.

ಕಾನೂನಿನ ಮೂಲ ಸರಳವಾಗಿದೆ. 1993ರ ಪಂಚಾಯತ್ ರಾಜ್ ಅಧಿನಿಯಮ (ಈಗ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ) 64ನೇ ಪ್ರಕರಣದಲ್ಲಿ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಯಾರೂ ಕಟ್ಟಡ ಕಟ್ಟುವಂತಿಲ್ಲ, ಇರುವ ಕಟ್ಟಡವನ್ನು ಮಾರ್ಪಡಿಸುವಂತಿಲ್ಲ, ಅದಕ್ಕೆ ಸೇರಿಸುವಂತಿಲ್ಲ, ಮರುನಿರ್ಮಿಸುವಂತಿಲ್ಲ ಎನ್ನುತ್ತದೆ. ‘ಹೊಸ ಮನೆಗಷ್ಟೇ ಪರವಾನಗಿ, ಹಳೇ ಮನೆಗೆ ಏನೂ ಬೇಡ’ ಎಂಬ ಊರಿನ ನಂಬಿಕೆಗೆ ಈ ಪ್ರಕರಣದಲ್ಲಿ ಆಧಾರವಿಲ್ಲ. ಅರ್ಜಿ ತಲುಪಿದ 60 ದಿನಗಳೊಳಗೆ ಪಂಚಾಯಿತಿ ತನ್ನ ತೀರ್ಮಾನ ತಿಳಿಸದಿದ್ದರೆ ಅನುಮತಿ ದೊರೆತಂತೆಯೇ ಎಂದೂ ಅದೇ ಪ್ರಕರಣ ಹೇಳುತ್ತದೆ. ಆದರೆ ಹಾಗೆ ದೊರೆತ ಅನುಮತಿಯ ಬಲದಲ್ಲಿ ನಿಯಮ, ಉಪವಿಧಿಗಳನ್ನು ಮೀರಿ ಕಟ್ಟಲು ಬರುವುದಿಲ್ಲ. ಅನುಮತಿಯಿಲ್ಲದೆ ಅಥವಾ ಷರತ್ತು ಮುರಿದು ನಡೆಯುವ ಕೆಲಸವನ್ನು ನಿಲ್ಲಿಸಲು, ಬದಲಿಸಲು, ಕೆಡವಲು ನೋಟಿಸು ಕೊಡುವ ಅಧಿಕಾರ ಪಂಚಾಯಿತಿಗಿದೆ. ಶಿರಸಿ ನಗರಸಭೆ, ಯಲ್ಲಾಪುರ ಮತ್ತು ಸಿದ್ದಾಪುರ ಪಟ್ಟಣ ಪಂಚಾಯಿತಿಗಳ ಗಡಿಯೊಳಗೆ ಇದೇ ಕೆಲಸವನ್ನು 1964ರ ಪುರಸಭೆಗಳ ಅಧಿನಿಯಮ ಮಾಡುತ್ತದೆ.

ಹಾಗಾದರೆ ಒಡೆದ ಹಂಚು ಬದಲಿಸಲೂ ಅರ್ಜಿ ಹಾಕಬೇಕೆ? ಬೇಡ. ಮಾರ್ಪಾಡು ಎಂಬ ಮಾತಿಗೆ ಮಿತಿ ಹಾಕದೆ ಓದಿದರೆ ಕಾನೂನು ನಗೆಗೀಡಾಗುತ್ತದೆ. ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಪರವಾನಗಿ ಬೇಡದ ಕೆಲಸಗಳ ಪಟ್ಟಿಯೇ ಇದೆ: ಬಾಗಿಲು, ಕಿಟಕಿ, ಗವಾಕ್ಷಿ ತೆರೆಯುವುದು ಅಥವಾ ಮುಚ್ಚುವುದು, ಒಳಗೋಡೆಯ ವಿಭಜನೆ, ಸುಣ್ಣಬಣ್ಣ, ಗಿಲಾವು ಮತ್ತು ತೇಪೆ, ನೆಲ ಬದಲಿಸುವುದು, ಸ್ವಂತ ಜಾಗದೊಳಗೆ ಬಿಸಿಲುಮರೆ ಹಾಕುವುದು. ಕಟ್ಟಡದ ಭದ್ರತೆಗೆ, ಬೆಂಕಿಯಿಂದ ರಕ್ಷಣೆಗೆ ಅಡ್ಡಿಯಾಗಬಾರದು ಎಂಬುದು ಷರತ್ತು. ಸಂಹಿತೆ ತಾನಾಗಿಯೇ ಕಾನೂನಲ್ಲ. ಸ್ಥಳೀಯ ಉಪವಿಧಿಗಳು ಒಪ್ಪಿಕೊಂಡಷ್ಟಕ್ಕೆ ಮಾತ್ರ ಅದಕ್ಕೆ ಬಲ. ಆದರೂ ಎಲ್ಲಿ ಗೆರೆ ಎಳೆಯಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸೂಚನೆ ಸಿಗದು. ಮಲೆನಾಡಿನ ಮನೆಗೆ ಅದನ್ನು ಹೊಂದಿಸಿ ನೋಡೋಣ. ಮಾಡಿನ ಹಂಚು ಕೈಯಾಡಿಸುವುದು, ಗೆದ್ದಲು ಹಿಡಿದ ರೀಪು ಬದಲಿಸುವುದು, ಜಗಲಿಗೆ ಟೈಲ್ಸ್ ಹಾಕುವುದು ದುರಸ್ತಿ. ಮಣ್ಣಿನ ಗೋಡೆಯ ಮೇಲಿನ ಹಂಚಿನ ಮಾಡನ್ನು ಇಳಿಸಿ ತಾರಸಿ ಎರೆಯುವುದು ದುರಸ್ತಿಯಲ್ಲ. ಹಂಚು ಹೊರುವ ಗೋಡೆ ಕಾಂಕ್ರೀಟು ಹೊರಬಲ್ಲದೆ ಎಂಬ ಪ್ರಶ್ನೆ ಅಲ್ಲಿ ಹುಟ್ಟುತ್ತದೆ, ಅದಕ್ಕೆ ಇಂಜಿನಿಯರು ಉತ್ತರಿಸಬೇಕು. ಬಚ್ಚಲನ್ನು ಹಿತ್ತಲ ಕಡೆಗೆ ಎರಡು ಮಾರು ಮುಂದೊತ್ತುವುದೂ, ಅಟ್ಟವನ್ನು ಮಲಗುವ ಕೋಣೆಯಾಗಿ ಎತ್ತರಿಸುವುದೂ ಸೇರ್ಪಡೆಯೇ. ಭಾರ ಹೆಚ್ಚಿದರೆ, ನೆಲವ್ಯಾಪ್ತಿ ಹೆಚ್ಚಿದರೆ, ಬಳಕೆ ಬದಲಾದರೆ ಪರವಾನಗಿ, ಇಲ್ಲವಾದರೆ ಬೇಡ. ಈ ಮೂರು ಮಾತುಗಳನ್ನು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಬರೆಸಿದರೆ ಅರ್ಧ ಗೊಂದಲ ತೀರುತ್ತದೆ.

ಇನ್ನರ್ಧ ಗೊಂದಲ ನೆಲದ್ದು, ಅದು ಸುಲಭಕ್ಕೆ ತೀರುವಂಥದ್ದಲ್ಲ. ಜಿಲ್ಲೆಯ ನೂರಕ್ಕೆ 80ರಷ್ಟು ನೆಲ ಅರಣ್ಯವೆಂದು ದಾಖಲಾಗಿರುವುದರಿಂದ ಮನೆಗಳು ನಿಂತಿರುವ ಜಾಗ ಒಂದೇ ಬಗೆಯದಲ್ಲ. ಗಾಂವಠಾಣದ, ಅಂದರೆ ಊರಿನ ವಾಸಕ್ಕೆಂದು ಗುರುತಿಸಿದ ಜಾಗದ ಮನೆಗಳಿವೆ. ಮಾಲ್ಕಿ (ಸ್ವಂತ ಒಡೆತನದ) ಜಮೀನಿನ ಅಂಚಿನಲ್ಲಿ, ತೋಟಕ್ಕೂ ಬೆಟ್ಟಕ್ಕೂ ನಡುವೆ ತಲೆಮಾರುಗಳಿಂದ ನಿಂತ ಒಂಟಿಮನೆಗಳಿವೆ. ಅರಣ್ಯ ಅತಿಕ್ರಮಣವೆಂದು ದಾಖಲೆಯಲ್ಲಿ ಗುರುತಿಸಿರುವ ಜಾಗದ ಮನೆಗಳಿವೆ. ಬೆಟ್ಟವಂತೂ ಈ ಸೀಮೆಗೇ ವಿಶಿಷ್ಟವಾದ ವ್ಯವಸ್ಥೆ. ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟಿರುವುದು ಸೊಪ್ಪು, ದರಕು, ಉರುವಲಿಗಾಗಿ. 1964ರ ಭೂಕಂದಾಯ ಅಧಿನಿಯಮದ 79ನೇ ಪ್ರಕರಣ ಈ ಸವಲತ್ತನ್ನು ಉಳಿಸಿದೆ. ಆದರೆ ಅದು ಸವಲತ್ತೇ ಹೊರತು ಒಡೆತನವಲ್ಲ. ‘ನಮ್ಮ ಬೆಟ್ಟ’ ಎಂದು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರಿಗೆ ಈ ವ್ಯತ್ಯಾಸ ಕಹಿಯೆನಿಸುವುದು ಸಹಜ. ಕೊಟ್ಟಿಗೆಯನ್ನೋ ಅಡಿಕೆ ಒಣಗಿಸುವ ಅಂಗಳವನ್ನೋ ಬೆಟ್ಟದ ಕಡೆಗೆ ಒತ್ತಿದ ಕ್ಷಣ ವಿಷಯ ಪಂಚಾಯಿತಿಯ ಕೈಬಿಟ್ಟು ಅರಣ್ಯ ಇಲಾಖೆಯ ಕೈಗೆ ಹೋಗುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಭೂಮಿಯ ಅರಣ್ಯೇತರ ಬಳಕೆಗೆ ಕೇಂದ್ರದ ಒಪ್ಪಿಗೆ ಬೇಕು. ಪಂಚಾಯಿತಿ ಕೊಟ್ಟ ಪರವಾನಗಿ ಅಲ್ಲಿ ನಿಲ್ಲುವುದಿಲ್ಲ.

ಮಾಲ್ಕಿ ಜಮೀನಿನವರ ಸ್ಥಿತಿ ಇದಕ್ಕಿಂತ ಮೇಲು. ಭೂಕಂದಾಯ ಅಧಿನಿಯಮದ 95ನೇ ಪ್ರಕರಣದಂತೆ ಕೃಷಿಕನು ಎನ್‌ಎ (ಕೃಷಿಯೇತರ ಪರಿವರ್ತನೆ) ಮಾಡಿಸದೆಯೇ ತನ್ನ ಜಮೀನಿನಲ್ಲಿ ಕೃಷಿ ಕಟ್ಟಡವನ್ನೂ ತೋಟದ ಮನೆಯನ್ನೂ ಕಟ್ಟಬಹುದು. ಅದು ಹಿಡುವಳಿಯ ನೂರಕ್ಕೆ ಹತ್ತು ಭಾಗವನ್ನು ಮೀರಬಾರದು, ಸರ್ಕಾರ ಗೊತ್ತುಪಡಿಸಿದ ಗರಿಷ್ಠ ಮಿತಿಯನ್ನೂ ದಾಟಬಾರದು. ಕೃಷಿಕನ ವಾಸ, ಕೃಷಿ ಉಪಕರಣ, ದನಕರು ಇವಿಷ್ಟಕ್ಕೇ ಅದು ಮೀಸಲು. ವಾಣಿಜ್ಯಕ್ಕಾಗಿ ಬಾಡಿಗೆಗೆ ಕೊಡುವಂತಿಲ್ಲ. ಈ ಕೊನೆಯ ಮಾತನ್ನು ಯಲ್ಲಾಪುರ ಸೀಮೆಯವರು ಎರಡು ಸಲ ಓದಿಕೊಳ್ಳಬೇಕು. ಮಾಗೋಡು, ಸಾತೊಡ್ಡಿ ಜಲಪಾತಗಳಿಗೆ ಬರುವ ಪ್ರವಾಸಿಗರನ್ನು ನಂಬಿ ಹಳೇ ಮನೆಗೆ ಎರಡು ಕೋಣೆ ಸೇರಿಸಿ ಹೋಂಸ್ಟೇ ತೆರೆಯುವುದು ನೆಟ್ಟಗಿನ ಆದಾಯವೇ. ಆದರೆ ತೋಟದ ಮನೆಯ ವಿನಾಯಿತಿಯಲ್ಲಿ ಕಟ್ಟಿದ ಕೋಣೆಗೆ ಆ ಬಳಕೆ ಹೊಂದುವುದಿಲ್ಲ. ಪ್ರವಾಸೋದ್ಯಮ ಇಲಾಖೆಯ ನೋಂದಣಿಗೆ ಮೊದಲು ಜಮೀನಿನ ಸ್ಥಿತಿ ಸರಿಪಡಿಸಿಕೊಳ್ಳಬೇಕು.

ಪಂಚಾಯಿತಿ ಈ ನೆಲದ ಸ್ಥಿತಿಯನ್ನು ಅರಿಯುವುದು ನಮೂನೆಗಳ ಮೂಲಕ. 2013ರಿಂದ ಬಳಕೆಗೆ ಬಂದ ಇ-ಸ್ವತ್ತು ತಂತ್ರಾಂಶದಲ್ಲಿ ಗಾಂವಠಾಣದ ಅಥವಾ ಕ್ರಮಬದ್ಧವಾಗಿ ಪರಿವರ್ತನೆಯಾದ ಆಸ್ತಿಗೆ ನಮೂನೆ 9 ಮತ್ತು 11ಎ ಸಿಗುತ್ತವೆ. ಉಳಿದವು 11ಬಿಗೆ ಹೋಗುತ್ತವೆ. 11ಬಿ ಇರುವವರಿಂದ ಪಂಚಾಯಿತಿ ತೆರಿಗೆ ಕಟ್ಟಿಸಿಕೊಳ್ಳುತ್ತದೆ, ಮನೆ ನಂಬರೂ ಇರುತ್ತದೆ. ಆದರೆ ತೆರಿಗೆ ರಸೀದಿ ನೆಲದ ಒಡೆತನಕ್ಕೆ ಪುರಾವೆಯಾಗದು. ಮೂವತ್ತು ವರ್ಷ ಕರ ಕಟ್ಟಿದವನು ಮಾಡು ಬದಲಿಸಲು ಅರ್ಜಿ ಕೊಟ್ಟಾಗ ‘ನಮೂನೆ 9 ತನ್ನಿ’ ಎಂಬ ಉತ್ತರ ಬರುವುದು ಹೀಗೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ನಿಯಮದಂತೆ ನಡೆದಿರುತ್ತಾರೆ, ಮನೆಯವನೂ ಸುಳ್ಳು ಹೇಳಿರುವುದಿಲ್ಲ. ತಪ್ಪಿರುವುದು ದುರಸ್ತಿಯನ್ನೂ ಒಡೆತನವನ್ನೂ ಒಂದೇ ಗಂಟಿಗೆ ಕಟ್ಟಿದ್ದರಲ್ಲಿ.

ಈ ಗಂಟಿನ ಬಿಗಿ ಹೆಚ್ಚು ತಟ್ಟುವುದು ಅರಣ್ಯ ಭೂಮಿಯ ಮೇಲಿನ ಮನೆಗಳಿಗೆ. 2006ರ ಅರಣ್ಯ ಹಕ್ಕು ಕಾಯ್ದೆ 2005ರ ಡಿಸೆಂಬರ್ 13ಕ್ಕೆ ಮೊದಲಿನ ವಾಸವನ್ನು ಹಕ್ಕೆಂದು ಮನ್ನಿಸಿತು. ಪರಿಶಿಷ್ಟ ಪಂಗಡದವರು ಆ ದಿನಕ್ಕೆ ಮುಂಚಿನ ವಾಸ ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ ತೋರಿಸಬೇಕು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಸಿದ್ದಿಯರಿಗೆ ಮೊದಲ ದಾರಿ ತೆರೆಯಿತು. ಅವರ ನೆರೆಯಲ್ಲೇ ಅದೇ ಬಗೆಯ ಕಾಡಂಚಿನ ಬದುಕು ನಡೆಸುವ ಇತರ ಸಮುದಾಯದವರು 75 ವರ್ಷದ ದಾಖಲೆಗಾಗಿ ಇಂದಿಗೂ ಓಡಾಡುತ್ತಿದ್ದಾರೆ. ಅಕ್ಷರವೇ ಅಪರೂಪವಾಗಿದ್ದ ಕಾಲದ ಬಡ ಕುಟುಂಬದಿಂದ ಅಷ್ಟು ಹಳೆಯ ಲಿಖಿತ ಪುರಾವೆ ಕೇಳುವುದು ನ್ಯಾಯವೆಂದು ಹೇಳುವುದು ಕಷ್ಟ. ಅರ್ಜಿಯ ಪರಿಶೀಲನೆ ಪೂರ್ಣವಾಗುವವರೆಗೆ ಒಕ್ಕಲೆಬ್ಬಿಸಬಾರದು ಎಂದು ಕಾಯ್ದೆಯ 4(5)ನೇ ಪ್ರಕರಣ ಹೇಳುತ್ತದೆ. ಆದರೆ ಆ ಮಧ್ಯೆ ಮಳೆಗೆ ಗೋಡೆ ಬಿದ್ದರೆ ಎತ್ತಿ ಕಟ್ಟಬಹುದೆ ಎಂಬುದಕ್ಕೆ ಅದರಲ್ಲಿ ನೇರ ಉತ್ತರವಿಲ್ಲ. ವಾಸದ ಹಕ್ಕು ಎಂದರೆ ಸೋರದ ಮಾಡಿನ ಕೆಳಗಿನ ವಾಸವೇ ಆಗಬೇಕು. ಹಾಗಾಗಿ ಇದ್ದ ಅಡಿಪಾಯದ ಮೇಲೆ, ಇದ್ದ ಅಳತೆಯಲ್ಲಿ ಮಾಡುವ ದುರಸ್ತಿಯನ್ನು ಆ ರಕ್ಷಣೆಯ ಭಾಗವೆಂದೇ ಓದಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ದುರಸ್ತಿಗೆ ದಾರಿ ಬಿಟ್ಟರೆ ಅತಿಕ್ರಮಣಕ್ಕೆ ದಾರಿ ಬಿಟ್ಟಂತೆ. ಇಂದು ಸೋಗೆಯ ಜಾಗದಲ್ಲಿ ಹಂಚು, ನಾಳೆ ಹಂಚಿನ ಜಾಗದಲ್ಲಿ ತಾರಸಿ, ನಾಡಿದ್ದು ತಾರಸಿಯ ಪಕ್ಕದಲ್ಲಿ ಇನ್ನೊಂದು ಮನೆ. ಕಾಡು ಹೀಗೆಯೇ ಕರಗಿದ್ದು ಎನ್ನುತ್ತಾರೆ ಅರಣ್ಯ ಕಾಯುವವರು. ಅವರ ಆತಂಕ ಸುಳ್ಳಲ್ಲ. ಆದರೆ ಆಕ್ಷೇಪ ಸಲ್ಲುವುದು ವಿಸ್ತರಣೆಗೆ, ದುರಸ್ತಿಗಲ್ಲ. ಎರಡನ್ನೂ ಒಟ್ಟಿಗೆ ತಡೆದಾಗ ಜನ ಎರಡನ್ನೂ ಗುಟ್ಟಾಗಿ ಮಾಡುತ್ತಾರೆ: ರಜಾದಿನ ನೋಡಿಕೊಂಡು, ಆತುರದಲ್ಲಿ, ಕಲ್ಲು ಸರಿಯಾಗಿ ಕೂರುವ ಮೊದಲೇ. ದುರಸ್ತಿಗೆ ಪಂಚಾಯಿತಿಯಲ್ಲಿ ಒಂದು ತಿಳಿವಳಿಕೆ ಪತ್ರ ಕೊಟ್ಟು, ಇದ್ದ ಮನೆಯ ಅಳತೆಯನ್ನೂ ಛಾಯಾಚಿತ್ರವನ್ನೂ ದಾಖಲಿಸಿ ಕೆಲಸ ಮಾಡಲು ಬಿಟ್ಟರೆ ವಿಸ್ತರಣೆಯನ್ನು ಹಿಡಿಯಲು ಆ ದಾಖಲೆಯೇ ಅಳತೆಗೋಲಾಗುತ್ತದೆ. ಸರ್ಕಾರಿ ವಸತಿ ಯೋಜನೆಗಳ ಮನೆಗಳಲ್ಲಿ ಅಡಿಪಾಯದಿಂದ ಮಾಡಿನವರೆಗೆ ಹಂತಹಂತಕ್ಕೂ ಜಿಪಿಎಸ್ ಛಾಯಾಚಿತ್ರ ತೆಗೆಯುವ ಕ್ರಮ ಈಗಾಗಲೇ ಇದೆ. ಅದೇ ಸಾಧನ ಇಲ್ಲಿಗೂ ಸಾಲುತ್ತದೆ.

ಕಾಗದದ ಮಾತು ಇಷ್ಟಾಯಿತು. ಇನ್ನು ಧರೆಯ, ಅಂದರೆ ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆಯ ಮಾತು. ಘಟ್ಟದ ಸೆರಗಿನಲ್ಲಿ ಸಪಾಟು ಜಾಗ ಅಪರೂಪವಾದ್ದರಿಂದ ಮನೆ ಹಿಗ್ಗಿಸುವುದೆಂದರೆ ಬಹಳ ಸಲ ಹಿಂದಿನ ಗುಡ್ಡ ಕಡಿಯುವುದೇ ಆಗಿದೆ. ಹಿಂದೆ ಹಾರೆ, ಗುದ್ದಲಿಯಲ್ಲಿ ಹತ್ತು ದಿನಕ್ಕೆ ನಾಲ್ಕಡಿ ಜಾಗ ಬಿಡಿಸುತ್ತಿದ್ದರು, ಆಯಾಸವೇ ಮಿತಿ ಹಾಕುತ್ತಿತ್ತು. ಜೆಸಿಬಿ ಬಂದ ಮೇಲೆ ಒಂದೇ ಮಧ್ಯಾಹ್ನಕ್ಕೆ ಎರಡಾಳೆತ್ತರದ ಧರೆ ನೆಟ್ಟಗೆ ನಿಲ್ಲುತ್ತದೆ. ಮೇಲೆ ಮುರಕಲ್ಲು, ಕೆಳಗೆ ನೀರು ಕುಡಿದರೆ ಮೆತ್ತಗಾಗುವ ಜೇಡಿ: ಈ ನೆಲದ ರಚನೆಯೇ ಹಾಗೆ. ಇಳಿಜಾರಿನ ಬುಡ ಕಡಿದಾಗ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮಳೆನೀರು ಬಿರುಕಿನಲ್ಲಿಳಿದು ಜೇಡಿಯನ್ನು ನೆನೆಸಿದಾಗ ಮೇಲಿನ ಭಾಗ ಜಾರುತ್ತದೆ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು ಮನೆ, ತೋಟ, ರಸ್ತೆ ನೆಲಕಚ್ಚಿದವು. ಅದೇ ಮಳೆಯಲ್ಲಿ ಅರಬೈಲು ಘಟ್ಟದಲ್ಲೂ ಭೂಮಿ ಜಾರಿತು, ಗಂಗಾವಳಿಯ ನೆರೆಗೆ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಜೀವಗಳನ್ನು ಬಲಿ ತೆಗೆದುಕೊಂಡಿತು. ಇವೆಲ್ಲ ಮನೆ ಹಿಂದಿನ ಧರೆಯಿಂದ ಆದವೆಂದು ಹೇಳುತ್ತಿಲ್ಲ. ಭಾರೀ ಮಳೆಗೆ ಈ ಇಳಿಜಾರುಗಳು ಎಷ್ಟು ಸೂಕ್ಷ್ಮ ಎಂಬುದಕ್ಕೆ ಅವು ಸಾಕ್ಷಿ. ಇಷ್ಟಾದ ಮೇಲೂ ಮನೆ ವಿಸ್ತರಣೆಯ ಅರ್ಜಿಯ ತೂಕವೆಲ್ಲ ಖಾತೆ, ನಕ್ಷೆ, ಕರ ರಸೀದಿಗಳ ಮೇಲೆಯೇ ಇದೆ. ಎಷ್ಟು ಎತ್ತರ ಧರೆ ಕಡಿಯುತ್ತೀರಿ, ಮಾಡಿನ ನೀರು ಎಲ್ಲಿಗೆ ಹರಿಯುತ್ತದೆ, ಇಂಗುಗುಂಡಿಗೂ ಧರೆಗೂ ಎಷ್ಟು ದೂರ ಎಂಬ ಮೂರು ಪ್ರಶ್ನೆಗಳು ಅರ್ಜಿಯ ಮೊದಲ ಪುಟದಲ್ಲಿರಬೇಕಿತ್ತು.

ನೆರೆಯ ತಮಿಳುನಾಡು ಇದನ್ನು ಬೇರೆ ರೀತಿಯಲ್ಲಿ ಯೋಚಿಸಿದೆ. ನೀಲಗಿರಿಯಂಥ ಪ್ರದೇಶಗಳಿಗಾಗಿ 1993ರಲ್ಲೇ ಗಿರಿಧಾಮಗಳ ಕಟ್ಟಡ ನಿಯಮಗಳನ್ನು ಪ್ರತ್ಯೇಕವಾಗಿ ರೂಪಿಸಿತು. ಗುಡ್ಡಕ್ಕೆ ಬಯಲಿನ ನಿಯಮ ಸಾಲದು ಎಂಬ ತಿಳಿವು ಅದರ ಹಿಂದಿದೆ. ಹಾಗೆ ಮಾಡಿದರೆ ಬಡವನ ಮೇಲೆ ಇಂಜಿನಿಯರಿನ ಖರ್ಚು ಬೀಳುತ್ತದೆ ಎಂಬ ಮಾತು ಬರುತ್ತದೆ. ಬೀಳುತ್ತದೆ, ನಿಜ. ಅದಕ್ಕೆ ಉತ್ತರ ಪರಿಶೀಲನೆ ಬಿಡುವುದಲ್ಲ, ಖರ್ಚನ್ನು ಪಂಚಾಯಿತಿ ಹೊರುವುದು. ಆಳೆತ್ತರಕ್ಕಿಂತ ಕಡಿಮೆ ಕಡಿತಕ್ಕೆ ಯಾವ ತಪಾಸಣೆಯೂ ಬೇಡ. ಅದಕ್ಕಿಂತ ಹೆಚ್ಚಾದರೆ ತಾಲ್ಲೂಕಿನ ಇಂಜಿನಿಯರ್ ಬೇಸಿಗೆಯಲ್ಲಿ ಒಮ್ಮೆ ಬಂದು ನೋಡಲಿ. ಕುಸಿದ ಮನೆಗೆ ಕೊಡುವ ಪರಿಹಾರದ ಮುಂದೆ ಆ ಭೇಟಿಯ ವೆಚ್ಚ ಏನೂ ಅಲ್ಲ.

ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಚರ್ಚೆಯನ್ನೂ ಇಲ್ಲಿ ಹೇಳಿಬಿಡಬೇಕು, ಏಕೆಂದರೆ ಮನೆ ರಿಪೇರಿಗೂ ಕುತ್ತು ಬರುತ್ತದೆಂಬ ಭಯ ಅದರ ಸುತ್ತ ಬೆಳೆದಿದೆ. 2013ರ ಕಸ್ತೂರಿರಂಗನ್ ವರದಿಯನ್ನು ಅನುಸರಿಸಿ ಕೇಂದ್ರ ಸರ್ಕಾರ ಹೊರಡಿಸುತ್ತ ಬಂದ ಕರಡು ಅಧಿಸೂಚನೆಗಳಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿದೆ. ಅವುಗಳಲ್ಲಿ ಕಟ್ಟಡಗಳ ಮಟ್ಟಿಗೆ ತಡೆಯುವ ಪ್ರಸ್ತಾಪ ಇರುವುದು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡ ಯೋಜನೆಗಳನ್ನು. ಈಗಿರುವ ವಾಸದ ಮನೆಗಳ ದುರಸ್ತಿಗೂ ವಿಸ್ತರಣೆಗೂ ನವೀಕರಣಕ್ಕೂ ನಿರ್ಬಂಧವಿಲ್ಲ ಎಂದು ಕರಡಿನಲ್ಲೇ ಬರೆದಿದೆ. ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ ವರದಿಯನ್ನು ತಿರಸ್ಕರಿಸಿತು. ಪರ, ವಿರೋಧ ಏನೇ ಇರಲಿ, ಹಳ್ಳಿಯ ಮನೆಗೆ ಹಂಚು ಹೊದಿಸುವುದನ್ನು ಆ ಕರಡು ತಡೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಸಾಮಗ್ರಿಗೂ ಅನುಮತಿ ಇದೆ ಎಂಬುದನ್ನು ಹಲವರು ಕೆಲಸ ಅರ್ಧವಾದ ಮೇಲೆ ತಿಳಿಯುತ್ತಾರೆ. ಸಾಗವಾನಿ, ಬೀಟೆಯಂಥ ಮರ ಸ್ವಂತ ಮಾಲ್ಕಿಯಲ್ಲಿದ್ದರೂ ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ, ನಾಟಾ ಸಾಗಿಸಲು ಪಾಸು ಬೇಕು. ತೆಂಗು, ಗಾಳಿ, ಸಿಲ್ವರ್ ಓಕ್ ಮೊದಲಾದವುಗಳನ್ನು ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಕೆಂಪುಕಲ್ಲು, ಮರಳು ತರಿಸಿದರೆ ಸಾಗಣೆಯ ಪರವಾನಗಿ ಇದೆಯೆ ಎಂದು ಲಾರಿಯವನನ್ನು ಕೇಳಿಕೊಳ್ಳಬೇಕು. ಹೆದ್ದಾರಿಯ ಬದಿಯ ಮನೆಗಳಿಗೆ ಇನ್ನೊಂದು ಗೆರೆಯಿದೆ: ಗ್ರಾಮೀಣ ಭಾಗದಲ್ಲಿ ರಾಷ್ಟ್ರೀಯ ಹೆದ್ದಾರಿಯ ನಡುಗೆರೆಯಿಂದ 40 ಮೀಟರ್ ಕಟ್ಟಡ ರೇಖೆ, 75 ಮೀಟರ್ ನಿಯಂತ್ರಣ ರೇಖೆ. ಅಂಕೋಲಾ–ಹುಬ್ಬಳ್ಳಿ ಹೆದ್ದಾರಿ ಊರ ನಡುವೆಯೇ ಹಾದುಹೋಗುವ ಇಡಗುಂದಿಯಂಥಲ್ಲಿ ಅಂಗಡಿಗೆಂದು ಜಗಲಿ ಮುಂದೊತ್ತುವವರು ಇದನ್ನು ಮರೆಯಬಾರದು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಹೆಚ್ಚು ಕೇಳಿಬರುವಂಥದ್ದು: ಹಳ್ಳಿಯಲ್ಲಿ ಯಾರು ಪರವಾನಗಿ ತೆಗೆಯುತ್ತಾರೆ, ತೆಗೆಯದವರಿಗೆ ಏನಾಗಿದೆ? ಇಷ್ಟು ಕಾಲ ಏನೂ ಆಗದಿದ್ದುದು ನಿಜ. ಆದರೆ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪೂರ್ಣತೆ ಅಥವಾ ಸ್ವಾಧೀನ ಪತ್ರ ನೋಡಿಯೇ ವಿದ್ಯುತ್, ನೀರು ಸಂಪರ್ಕ ಕೊಡಬೇಕು, ಅದನ್ನು ಪರಿಶೀಲಿಸಿಯೇ ಬ್ಯಾಂಕುಗಳು ಸಾಲ ನೀಡಬೇಕು ಎಂದು ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ಕೊಟ್ಟಿತು. ಅಲ್ಲಿಂದೀಚೆಗೆ ಪರವಾನಗಿ ಬರೀ ಪಂಚಾಯಿತಿಯ ಕಡತವಾಗಿ ಉಳಿದಿಲ್ಲ. ಹೆಸ್ಕಾಂನ ವಿದ್ಯುತ್ ಮೀಟರಿಗೂ ಗೃಹಸಾಲಕ್ಕೂ ಅದು ಕೊಂಡಿ. ಸಣ್ಣ ಕೆಲಸಕ್ಕೆ ಅನುಮತಿಯ ಹೊರೆಯೇ ಬೇಡವೆಂಬ ವಾದಕ್ಕೆ ಮಾತ್ರ ಹುರುಳಿದೆ. ಇಂಗ್ಲೆಂಡಿನಲ್ಲಿ 2015ರ ಆದೇಶದಂತೆ ಒಂಟಿ ಮನೆಯ ಹಿಂದೆ ಒಂದಂತಸ್ತಿನ 4 ಮೀಟರ್‌ವರೆಗಿನ ವಿಸ್ತರಣೆಗೆ, ಇತರ ಷರತ್ತುಗಳನ್ನು ಪಾಲಿಸಿದರೆ, ಯೋಜನಾ ಅನುಮತಿಯ ಅರ್ಜಿಯೇ ಬೇಡ; ಆದರೆ ಕಟ್ಟಡದ ಭದ್ರತೆಯ ನಿಯಮಗಳು ಆಗಲೂ ಅನ್ವಯಿಸುತ್ತವೆ. ಅನುಮತಿಯನ್ನು ಸಡಿಲಿಸಿ ಸುರಕ್ಷತೆಯನ್ನು ಬಿಗಿಮಾಡಿದ ಈ ಹಂಚಿಕೆ ನಮ್ಮ ಈಗಿನ ಪದ್ಧತಿಗೆ ಸರಿಯಾಗಿ ತಿರುಗುಮುರುಗು.

ಈ ಪದ್ಧತಿ ಬದಲಾಗುವವರೆಗೆ ಮನೆಯೊಡೆಯರು ಮಾಡಬಹುದಾದ್ದು ಇಷ್ಟು. ಮೊದಲು ಪಹಣಿ ಮತ್ತು ನಮೂನೆ 9 ಅಥವಾ 11 ತೆಗೆದು ಮನೆ ನಿಂತ ನೆಲ ಯಾವುದೆಂದು ನೋಡಿಕೊಳ್ಳಿ. ಬೆಟ್ಟದ ಗಡಿ ಅನುಮಾನವಿದ್ದರೆ ಸರ್ವೆ ಮಾಡಿಸಿ. ಅರ್ಜಿಗೆ ದಿನಾಂಕವಿರುವ ಸ್ವೀಕೃತಿ ಪಡೆಯಿರಿ, ಏಕೆಂದರೆ 60 ದಿನದ ಲೆಕ್ಕ ಶುರುವಾಗುವುದು ಅಲ್ಲಿಂದ. ಈ ಸೀಮೆಯಲ್ಲಿ ಕಟ್ಟಡದ ಕೆಲಸಕ್ಕೆ ಬಿಡುವು ಸಿಗುವುದು ಅಡಿಕೆ ಕೊಯ್ಲು ಮುಗಿದು ಮುಂಗಾರು ಹಿಡಿಯುವ ನಡುವೆ, ಮಾರ್ಚಿಯಿಂದ ಮೇ ತನಕ. ಮಾರ್ಚಿಯಲ್ಲಿ ಕೆಲಸ ಶುರುಮಾಡಬೇಕೆಂದರೆ ಡಿಸೆಂಬರ್ ಕೊನೆಯೊಳಗೆ ಅರ್ಜಿ ಪಂಚಾಯಿತಿಯ ಮೇಜಿನ ಮೇಲಿರಬೇಕು.